ಎಚ್ಚರದ ಮನೆ

ಕಳೆದ ಫಾಲ್ಗುಣದ ಒಂದು ಇಳಿಹೊತ್ತಿನಲ್ಲಿ ನಮ್ಮೂರ ಕೆರೆಯ ಹಿಂದಣ ಓಣಿಯಲ್ಲಿ, ಬಿಸಿಲಿಗೆ ಕಾದು ಗರಿಗರಿಯಾಗಿದ್ದ ಹುಲ್ಲಿನ ಬಣವೆಯೊಂದಕ್ಕೆ ಎಲ್ಲಿಂದಲೋ ಹಾರಿಬಂದ ಕಿಡಿ ತಗುಲಿ, ಜನ ಕೂಗುತ್ತ ಕೊಡಪಾನಗಳನ್ನು ಹಿಡಿದು ಓಡಿಬರುವಷ್ಟರಲ್ಲಿ ಅದು ಪಕ್ಕದ ಕೊಟ್ಟಿಗೆಯ ಸೂರನ್ನೂ, ಸೂರಿನಿಂದ ಮನೆಯ ಹಿಂಬದಿಯ ತೊಲೆಗಳನ್ನೂ ಹಿಡಿದುಬಿಟ್ಟಿತು. ದನಗಳ ಕಣ್ಣಿಯನ್ನು ಕುಡುಗೋಲಿನಿಂದ ಕೊಯ್ದು ಅವನ್ನು ಹೊರಗಟ್ಟಿದ ಹುಡುಗನೊಬ್ಬನ ಧೈರ್ಯದಿಂದ ಜೀವಹಾನಿಯೇನೋ ತಪ್ಪಿತು. ಅಗ್ನಿಶಾಮಕ ದಳದ ವಾಹನವು ನಲವತ್ತು ಕಿಲೋಮೀಟರು ದೂರದ ಪಟ್ಟಣದಿಂದ ಘಟ್ಟದ ತಿರುವುಗಳನ್ನು ಸುತ್ತಿ ಬಂದು ನಿಂತಾಗ ಸುಡುವುದಕ್ಕೆ ಏನೂ ಉಳಿದಿರಲಿಲ್ಲ. ಬಂದವರು ಬೂದಿಯ ಮೇಲೆಯೇ ನೀರು ಹೊಡೆದರು. ಮನೆಯೊಡತಿಯಾದ ಮುದುಕಿ ನೆರೆಮನೆಯಿಂದ ಮಜ್ಜಿಗೆ ತರಿಸಿ ಅವರ ಕೈಗೆ ಕೊಟ್ಟಳು. ಅವರಲ್ಲಿ ಹಿರಿಯನಾದವನು ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡು, “ತಡ ಮಾಡಲಿಲ್ಲ ಅಜ್ಜೀ, ಫೋನು ಬಂದ ಕೂಡಲೇ ಹೊರಟ್ವಿ; ದಾರಿಯೇ ಅಷ್ಟು” ಎಂದನು. “ನೀವೇನು ಮಾಡ್ತೀರಪ್ಪ, ನನ್ನ ಹಣೇಲಿ ಬರೆದಿತ್ತು” ಎಂದಳು ಆಕೆ.

ದಾರಿಯ ಮಾತೊಂದು, ಹಣೆಬರಹದ ಮಾತೊಂದು. ನಮ್ಮೂರು ಅಂದಿನಿಂದ ಈ ಎರಡರ ನಡುವೆ ತೂಗಾಡುತ್ತಿದೆ. ಕೆರೆಯ ಏರಿಯ ಕೆಳಗೆ ಪಟ್ಟಣ ಪಂಚಾಯಿತಿಗೆ ಸೇರಿದ ನಿವೇಶನವೊಂದಿದ್ದು, ಅಲ್ಲಿ ಒಂದೇ ಆವರಣದೊಳಗೆ ಪೊಲೀಸ್ ಠಾಣೆಯನ್ನೂ ಅಗ್ನಿಶಾಮಕ ಠಾಣೆಯನ್ನೂ ಕಟ್ಟಿಸಿಕೊಡಬೇಕೆಂದು ಸರ್ಕಾರಕ್ಕೆ ಬಿನ್ನವಿಸಿಕೊಳ್ಳುವ ವಿಷಯವಾಗಿ ಸೇರಿದ ಸಭೆಯಲ್ಲಿ ನಾನೂ ಇದ್ದೆ. ಈಗಿರುವ ಹೊರಠಾಣೆಯೆಂಬುದು ಬಾಡಿಗೆಯ ಎರಡು ಕೋಣೆ: ಮುಂದಿನದರಲ್ಲಿ ಒಂದು ಮೇಜು, ಎರಡು ಕುರ್ಚಿ, ಗೋಡೆಗೊರಗಿಸಿದ ಲಾಠಿಗಳು, ಹಿಂದಿನದರಲ್ಲಿ ಮಳೆಗಾಲದ ಸೋರಿಕೆಗೆ ಅಂಜಿ ಪ್ಲಾಸ್ಟಿಕ್ ಹಾಳೆ ಹೊದಿಸಿದ ಕಡತಗಳು. ದೂರು ಹೇಳಬಂದ ಹೆಂಗಸು ನಿಂತು ತನ್ನ ಸಂಕಟವನ್ನು ತೋಡಿಕೊಳ್ಳಬೇಕಾದ ಜಾಗವು ರಸ್ತೆಯ ಅಂಚಾದುದರಿಂದ, ಅದನ್ನು ಮೊದಲು ಕೇಳುವವರು ಎದುರಿನ ಹೋಟೆಲಿನ ಗಿರಾಕಿಗಳು. ಸಭೆಯಲ್ಲಿ ಹಣದ ಮಾತು ಬೇಗನೆ ಮುಗಿಯಿತು; ಮುಗಿಯದೆ ಉಳಿದದ್ದು ತತ್ತ್ವದ ಮಾತು. ವಯೋವೃದ್ಧರೊಬ್ಬರು ಎದ್ದು, ತಮ್ಮ ತಂದೆಯವರ ಕಾಲದಲ್ಲಿ ಬಾಗಿಲಿಗೆ ಅಗುಳಿ ಹಾಕಿದವರಿರಲಿಲ್ಲವೆಂದೂ, ದೊಡ್ಡ ಠಾಣೆಯನ್ನು ಬೇಡುವುದೆಂದರೆ ಊರು ಕೆಟ್ಟಿತೆಂದು ನಾವೇ ಬರೆದುಕೊಟ್ಟಂತಾಗುವುದೆಂದೂ ನುಡಿದರು. ಮತ್ತೊಬ್ಬರು, ಗ್ರಾಮದೇವತೆಯು ಎಲ್ಲೆಯಲ್ಲಿ ನಿಂತು ಕಾಯುತ್ತಿರಲು ಸಂಬಳದ ಕಾವಲುಗಾರನನ್ನು ಕೇಳುವುದು ಆಕೆಯಲ್ಲಿ ಅಪನಂಬಿಕೆಯಲ್ಲವೆ ಎಂದು ಪ್ರಶ್ನಿಸಿದರು. ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಪ್ರಶ್ನೆಯು ಹಳೆಯದು, ನಕ್ಕವರಿಗಿಂತ ಗಂಭೀರವಾದದ್ದು.

ಅಗುಳಿಯಿಲ್ಲದ ಬಾಗಿಲಿನ ಆ ಕಾಲಕ್ಕೆ ನಮ್ಮ ಪುರಾಣೇತಿಹಾಸಗಳು ಕೃತಯುಗವೆಂದು ಹೆಸರಿಟ್ಟಿವೆ. ಶಾಂತಿಪರ್ವದಲ್ಲಿ ಶರಶಯ್ಯೆಯ ಮೇಲಿನ ಭೀಷ್ಮನು ಯುಧಿಷ್ಠಿರನಿಗೆ ರಾಜತ್ವದ ಉತ್ಪತ್ತಿಯನ್ನು ವಿವರಿಸುತ್ತ, ಆದಿಯಲ್ಲಿ ರಾಜ್ಯವಾಗಲಿ ರಾಜನಾಗಲಿ, ದಂಡವಾಗಲಿ ದಂಡಧರನಾಗಲಿ ಇರಲಿಲ್ಲ, ಪ್ರಜೆಗಳು ಧರ್ಮದಿಂದಲೇ ಒಬ್ಬರನ್ನೊಬ್ಬರು ಕಾಪಾಡಿಕೊಳ್ಳುತ್ತಿದ್ದರು ಎನ್ನುತ್ತಾನೆ. ಈ ಮಾತನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಅದರ ಬೆನ್ನಿಗೇ ಇರುವ ಮಾತನ್ನು ಎತ್ತುವವರು ವಿರಳ. ಹಾಗೆ ಪರಸ್ಪರ ಕಾಪಾಡಿಕೊಳ್ಳುತ್ತಲೇ ಆ ಜನರು ಖೇದಕ್ಕೆ ಒಳಗಾದರು, ಆಮೇಲೆ ಅವರನ್ನು ಮೋಹವು ಹೊಕ್ಕಿತು ಎಂದು ಭೀಷ್ಮನ ಕಥನ. ಲೋಭ, ಕಾಮ, ರಾಗಗಳೆಲ್ಲ ಬಂದದ್ದು ತರುವಾಯ. ಖೇದವೆಂದರೆ ದಣಿವು. ಕೃತಯುಗವನ್ನು ಮೊದಲು ಬಿರುಕುಗೊಳಿಸಿದ್ದು ಪಾಪವಲ್ಲ, ಆಯಾಸ! ನೆರೆಯವನಿಗಾಗಿ ಸದಾ ಎಚ್ಚರವಿರುವುದರಲ್ಲಿ ಮನುಷ್ಯನಿಗೆ ಒಂದು ಬಳಲಿಕೆಯುಂಟೆಂದೂ, ಕೆಟ್ಟವನಾಗುವುದಕ್ಕಿಂತ ಮುಂಚೆಯೇ ಅವನು ತೂಕಡಿಸುತ್ತಾನೆಂದೂ ತಿಳಿದ ಆ ಕವಿಯ ಕಣ್ಣಿಗೆ ನಮ್ಮ ಸಭೆಯ ವಯೋವೃದ್ಧರು ಉತ್ತರ ಕೊಡಬೇಕಾಗುತ್ತದೆ. ಠಾಣೆಯನ್ನು ಬೇಡುವ ಊರು ತಾನು ಕೆಟ್ಟೆನೆಂದು ಒಪ್ಪಿಕೊಳ್ಳುತ್ತಿಲ್ಲ, ದಣಿದೆನೆಂದು ಒಪ್ಪಿಕೊಳ್ಳುತ್ತಿದೆ.

ಅವರ ತಂದೆಯವರ ಕಾಲಕ್ಕೂ ಆ ದಣಿವು ತಿಳಿಯದಿರಲಿಲ್ಲ. ಅಗುಳಿ ಹಾಕದೆ ಮಲಗಿದ್ದವರ ಊರಿನಲ್ಲಿ ತಳವಾರನಿದ್ದನು, ತೋಟಿಯಿದ್ದನು, ಕೆರೆಯ ತೂಬನ್ನು ಕಾಯುವ ನೀರಗಂಟಿಯಿದ್ದನು. ಸುಗ್ಗಿಯಲ್ಲಿ ಕಣದ ರಾಶಿಯಿಂದ ಆಯವಾಗಿ ಅವರಿಗೆ ಧಾನ್ಯ ಸಲ್ಲುತ್ತಿತ್ತು, ಉಂಬಳಿಯ ಭೂಮಿಯಿರುತ್ತಿತ್ತು. ಒಬ್ಬನ ನಿದ್ರೆಗೆ ಇನ್ನೊಬ್ಬನು ಬೆಲೆ ತೆರುತ್ತಿದ್ದ ವ್ಯವಸ್ಥೆಯದು. ಆ ಬೆಲೆಯನ್ನು ಜಾತಿಯ ಹೆಸರಿನಲ್ಲಿ ತಂದೆಯಿಂದ ಮಗನಿಗೆ ಹೊರಿಸಿದ ಅನ್ಯಾಯವೂ ಅದರಲ್ಲಿತ್ತು. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯಿದೆಯಿಂದ ಆನುವಂಶಿಕ ಹುದ್ದೆಗಳು ಹೋದದ್ದು ನ್ಯಾಯವೇ ಆಯಿತು. ಹುದ್ದೆ ಹೋಯಿತು, ಇರುಳು ಹೋಗಲಿಲ್ಲ. ಆ ಇರುಳಿನಲ್ಲಿ ಊರ ಸುತ್ತ ನಡೆದಾಡುತ್ತಿದ್ದ ಹೆಜ್ಜೆಗಳ ಸ್ಥಾನದಲ್ಲಿ ಏನನ್ನಿಡಬೇಕೆಂಬುದನ್ನು ಅನೇಕ ಸಣ್ಣ ಊರುಗಳು ಇನ್ನೂ ಯೋಚಿಸಿಯೇ ಇಲ್ಲ.

ಇನ್ನು ಗ್ರಾಮದೇವತೆಯ ಪ್ರಶ್ನೆ. ಇದಕ್ಕೆ ಉತ್ತರವು ನನಗೆ ಶಾಸ್ತ್ರಗ್ರಂಥಗಳಿಗಿಂತ ದೇವಾಲಯದ ಅಂಗಳದ ಕಲ್ಲುಗಳಲ್ಲಿಯೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಕನ್ನಡ ನಾಡಿನ ಶಾಸನಗಳಲ್ಲಿ ನಂದಾದೀವಿಗೆಗೆ ಬಿಟ್ಟ ದತ್ತಿಗಳು ಎಷ್ಟೆಷ್ಟೋ ಸಿಗುತ್ತವೆ: ಒಬ್ಬನು ಗದ್ದೆಯನ್ನು ಬಿಟ್ಟಿರುತ್ತಾನೆ, ಒಬ್ಬನು ಗಾಣದ ಎಣ್ಣೆಯನ್ನು, ಒಬ್ಬನು ಬಡ್ಡಿಯಿಂದ ದೀಪ ನಡೆಯಲೆಂದು ಹೊನ್ನನ್ನು. ಸೂರ್ಯಚಂದ್ರರನ್ನೇ ಕಣ್ಣಾಗಿ ಉಳ್ಳವನೆಂದು ತಾವೇ ಸ್ತುತಿಸಿದ ದೇವರ ಮುಂದಣ ಒಂದು ಹಣತೆಯ ಬೆಳಕನ್ನು ಕೂಡ ನಮ್ಮ ಪೂರ್ವಿಕರು ಕೇವಲ ಭಕ್ತಿಯ ಪಾಲಿಗೆ ಬಿಡಲಿಲ್ಲ. ಭಕ್ತಿಯು ಉತ್ಸವದ ದಿನ ಉಕ್ಕುತ್ತದೆ, ಆಷಾಢದ ಜಡಿಮಳೆಯ ನಡುರಾತ್ರಿ ಎದ್ದು ಬತ್ತಿಯನ್ನು ಚಾಚುವುದಿಲ್ಲ. ಅದಕ್ಕೆ ಒಬ್ಬ ಮನುಷ್ಯನು ನೇಮಕವಾಗಿರಬೇಕು, ಅವನ ಹೊಟ್ಟೆಗೆ ಇಂಥ ಗದ್ದೆಯೆಂದು ಗೊತ್ತಾಗಿರಬೇಕು ಎಂಬುದನ್ನರಿತು ಅವರು ಕಲ್ಲಿನಲ್ಲಿ ಲೆಕ್ಕ ಕೆತ್ತಿಸಿದರು. ದೀಪಕ್ಕೆ ಎಣ್ಣೆಯನ್ನು ಗೊತ್ತುಮಾಡಿದ್ದು ದೇವರಲ್ಲಿ ಅಪನಂಬಿಕೆಯಾಗದಿದ್ದರೆ, ಊರಿಗೆ ಎಚ್ಚರವನ್ನು ಗೊತ್ತುಮಾಡುವುದು ದೇವಿಯಲ್ಲಿ ಅಪನಂಬಿಕೆ ಹೇಗಾದೀತು?

ಎಚ್ಚರವನ್ನು ಯಾರಿಗೆ ಗೊತ್ತುಮಾಡಬೇಕೆಂಬಲ್ಲಿ ಪ್ರಾಚೀನರಲ್ಲಿಯೇ ಭಿನ್ನಾಭಿಪ್ರಾಯವಿತ್ತು. 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು, 1909ರಲ್ಲಿ ಅಚ್ಚಾಗಿ, ಲೋಕದ ವಿದ್ವಾಂಸರನ್ನು ಬೆರಗುಗೊಳಿಸಿದ ಅರ್ಥಶಾಸ್ತ್ರದಲ್ಲಿ ನಗರಪಾಲನೆಯನ್ನು ಕುರಿತ ಅಧ್ಯಾಯವೊಂದಿದೆ. ಬೇಸಗೆಯ ಹಗಲಿನ ನಡುವಣ ಎರಡು ಭಾಗಗಳಲ್ಲಿ ಒಲೆ ಹೊತ್ತಿಸಿದವನಿಗೆ ದಂಡ. ಮನೆಯಲ್ಲಿ ನೀರಿನ ಗಡಿಗೆ, ದೋಣಿ, ಏಣಿ, ಕೊಡಲಿ, ಮೊರ, ಕೊಕ್ಕೆ, ತೊಗಲಿನ ಚೀಲಗಳನ್ನು ಇಡದವನಿಗೆ ದಂಡ. ಬೆಂಕಿಯಿಂದ ಬದುಕುವ ಕಸುಬಿನವರು ಒಂದೆಡೆ ಇರತಕ್ಕದ್ದು. ಬೀದಿಗಳಲ್ಲಿಯೂ ಚೌಕಗಳಲ್ಲಿಯೂ ನೀರು ತುಂಬಿದ ಕುಂಭಗಳು ಸಾಲಾಗಿ ನಿಲ್ಲತಕ್ಕದ್ದು. ಹೊತ್ತಿ ಉರಿಯುವ ಮನೆಯನ್ನು ಉಳಿಸಲು ಓಡದ ಮನೆಯೊಡೆಯನಿಗೆ ಹನ್ನೆರಡು ಪಣ, ಬಾಡಿಗೆಯವನಿಗೆ ಆರು ಪಣ ದಂಡವನ್ನು ಕೌಟಿಲ್ಯನು ವಿಧಿಸುತ್ತಾನೆ. ಅವನ ದೃಷ್ಟಿಯಲ್ಲಿ ಓಡದೆ ನಿಂತವನು ನಿರ್ದೋಷಿಯಲ್ಲ. ಭೀಷ್ಮನು ಕಂಡ ಖೇದವನ್ನು ಚಾಣಕ್ಯನೂ ಕಂಡಿದ್ದನು. ಅದಕ್ಕೆ ಅವನ ಔಷಧಿ ಜುಲ್ಮಾನೆ.

ಇದೇ ಔಷಧಿಯನ್ನು ದಂಡವಿಲ್ಲದೆ ಕುಡಿಸಲು ನೋಡಿದವನು ರೋಮಿನ ಚಕ್ರವರ್ತಿ ಟ್ರೇಜನ್. ಕ್ರಿಸ್ತಶಕ ಎರಡನೆಯ ಶತಮಾನದ ಆದಿಭಾಗದಲ್ಲಿ, ಇಂದಿನ ತುರ್ಕಿಯ ಇಜ್ಮಿತ್ ಇರುವೆಡೆಯಲ್ಲಿದ್ದ ನಿಕೊಮೀಡಿಯ ಎಂಬ ಪಟ್ಟಣಕ್ಕೆ ದೊಡ್ಡ ಬೆಂಕಿ ಬಿದ್ದು, ಅನೇಕ ಮನೆಗಳೂ ರಸ್ತೆಯ ಆಚೀಚಿನ ಎರಡು ಸಾರ್ವಜನಿಕ ಕಟ್ಟಡಗಳೂ ಸುಟ್ಟುಹೋದವು. ಪ್ರಾಂತ್ಯಾಧಿಪತಿಯಾಗಿದ್ದ ಪ್ಲಿನಿಯು ಚಕ್ರವರ್ತಿಗೆ ಬರೆದ ಪತ್ರದಲ್ಲಿ, ಬೆಂಕಿ ಹಬ್ಬಿದ್ದು ಗಾಳಿಯಿಂದ ಮಾತ್ರವಲ್ಲ, ಕೈಕಟ್ಟಿ ನಿಂತು ನೋಡುತ್ತಿದ್ದ ಜನರ ಜಡತ್ವದಿಂದಲೂ ಎಂದು ಸ್ಪಷ್ಟವಾಗಿ ಹೇಳಿ, ಊರಿನಲ್ಲಿ ಒಂದು ಪಿಚಕಾರಿಯಾಗಲಿ ಒಂದು ಬಕೆಟ್ಟಾಗಲಿ ಇರಲಿಲ್ಲವೆಂದು ತಿಳಿಸಿ, ನೂರೈವತ್ತು ಮಂದಿಗೆ ಮೀರದ ಕುಶಲಕರ್ಮಿಗಳ ಅಗ್ನಿದಳವೊಂದನ್ನು ಕಟ್ಟಲು ಅಪ್ಪಣೆ ಬೇಡಿದನು. ಇಷ್ಟು ಚಿಕ್ಕ ಗುಂಪನ್ನು ಹತೋಟಿಯಲ್ಲಿಡುವುದು ಕಷ್ಟವಲ್ಲವೆಂದು ಭರವಸೆಯನ್ನೂ ಕೊಟ್ಟನು. ಟ್ರೇಜನ್ ಒಪ್ಪಲಿಲ್ಲ. ಏನೇ ಹೆಸರಿಟ್ಟು ಏನೇ ಉದ್ದೇಶಕ್ಕೆ ಜನರನ್ನು ಒಂದುಗೂಡಿಸಿದರೂ ಅವರು ಬೇಗನೆ ರಾಜಕೀಯ ಕೂಟವಾಗುತ್ತಾರೆ. ಆದುದರಿಂದ ಉಪಕರಣಗಳನ್ನು ಒದಗಿಸಿ, ಮನೆಗಳ ಒಡೆಯರೇ ಬೆಂಕಿಯನ್ನು ತಡೆಯಲಿ, ಬೇಕಾದರೆ ನೆರೆದ ಜನರ ಸಹಾಯ ಪಡೆಯಲಿ ಎಂದು ಉತ್ತರವಿತ್ತನು. ಕೈಕಟ್ಟಿ ನಿಂತಿದ್ದ ಅದೇ ಜನರ ಸಹಾಯ! ತನ್ನ ರಾಜಧಾನಿಯಲ್ಲಾದರೋ ಅವನಿಗೆ ಈ ಅಳುಕಿರಲಿಲ್ಲ. ಅಲ್ಲಿ ಕ್ರಿಸ್ತಶಕ 6ರಲ್ಲಿಯೇ ಅಗಸ್ಟಸನು ನೇಮಿಸಿದ್ದ ಏಳು ತುಕಡಿಗಳು ರಾತ್ರಿಯ ಗಸ್ತನ್ನೂ ಬೆಂಕಿಯ ಕಾವಲನ್ನೂ ಒಟ್ಟಿಗೆ ನಡೆಸುತ್ತಿದ್ದವು. ಸಣ್ಣ ಊರಿಗೆ ಬಕೆಟ್ಟು ಸಾಕು, ಆಳು ಬೇಡ ಎಂಬ ತೀರ್ಮಾನವು ದೊಡ್ಡ ಊರಿನಲ್ಲಿ ಕುಳಿತವರಿಗೆ ಎಷ್ಟು ಸುಲಭ!

ಬಕೆಟ್ಟೆಂದಾಗ ನೆನಪಾಯಿತು. ನಮ್ಮೂರ ಹಳೆಯ ಟಾಕೀಸಿನ ಗೋಡೆಗೆ ಮರಳು ತುಂಬಿದ ನಾಲ್ಕು ಕೆಂಪು ಬಕೆಟ್ಟುಗಳು ತೂಗುತ್ತಿದ್ದುವು. ನೆಲಕ್ಕಿಟ್ಟರೆ ಉರುಳುವಂತೆ ಅವುಗಳ ತಳವನ್ನು ಗುಂಡಗೆ ಮಾಡಿದ್ದುದು, ಯಾರೂ ಮನೆಗೊಯ್ದು ನೀರು ಸೇದಬಾರದೆಂದು. ಆ ಎಚ್ಚರಿಕೆ ಫಲಿಸಿತು, ಕದ್ದವರಿಲ್ಲ. ಆದರೆ ನಾನು ಬಾಲ್ಯದಲ್ಲಿ ಕೈಹಾಕಿ ನೋಡಿದಾಗ ಸಿಕ್ಕಿದ್ದು ಬೀಡಿಯ ತುಂಡು, ಎಲೆಯಡಿಕೆಯ ಚರಟ, ಹರಿದ ಟಿಕೆಟ್ಟು. ಮರಳು ಅವುಗಳ ಅಡಿಯಲ್ಲೆಲ್ಲೋ ಗಟ್ಟಿಕಟ್ಟಿತ್ತು.

ಹಾಗೆಂದು ಟ್ರೇಜನನ ಭಯವು ಸುಳ್ಳಲ್ಲ. ಕಾಯುವವನು ಯಾರ ಪರವಾಗಿ ನಿಂತಿದ್ದಾನೆಂಬುದು ಸಣ್ಣ ಪ್ರಶ್ನೆಯಲ್ಲವೆಂದು ನಮ್ಮ ಖಾಂಡವದಹನದ ಕಥೆಯೇ ಹೇಳುತ್ತದೆ. ಹಸಿದ ಅಗ್ನಿಯು ಆ ವನವನ್ನು ನುಂಗಲು ಏಳು ಸಲ ಹೊತ್ತಿದನು. ಏಳು ಸಲವೂ ಆನೆಗಳು ಸೊಂಡಿಲಿನಲ್ಲಿ, ನಾಗಗಳು ಹೆಡೆಗಳಲ್ಲಿ ನೀರು ತಂದು ಸುರಿದು ಆರಿಸಿದುವು. ಭಾರತದೇಶದ ಸಾಹಿತ್ಯದಲ್ಲಿ ಅಗ್ನಿಶಾಮಕ ದಳವೆಂದು ಯಾವುದನ್ನಾದರೂ ಕರೆಯುವುದಾದರೆ ಮೊದಲು ಅವುಗಳನ್ನು ಕರೆಯಬೇಕು. ಎಂಟನೆಯ ಸಲ ಅಗ್ನಿಯ ಕಡೆಗೆ ಕೃಷ್ಣಾರ್ಜುನರು ಬಂದು ವನದ ಎರಡು ಬದಿಯಲ್ಲಿ ಆಯುಧ ಹಿಡಿದು ನಿಂತರು, ತಪ್ಪಿಸಿಕೊಂಡು ಓಡುವ ಜೀವಿಗಳನ್ನು ತಡೆದರು. ದಂಡವು ಬೆಂಕಿಯ ಪಕ್ಷಕ್ಕೆ ಸೇರಿದ ಮೇಲೆ ನೀರು ಹೊತ್ತವರ ಶ್ರಮಕ್ಕೆ ಅರ್ಥವುಳಿಯಲಿಲ್ಲ. ಮಹಾಪುರುಷರ ಲೀಲೆಯನ್ನು ಆಕ್ಷೇಪಿಸುವ ಅಧಿಕಾರ ನನಗಿಲ್ಲ. ಓದಿದಾಗಲೆಲ್ಲ ಮನಸ್ಸು ಆನೆಗಳ ಕಡೆಗೇ ಹೋಗುವುದನ್ನು ತಡೆಯಲೂ ಆರೆ.

ಅದರಿಂದಲೇ ಪೊಲೀಸರನ್ನೂ ಅಗ್ನಿಶಾಮಕರನ್ನೂ ಒಂದೇ ಆವರಣದಲ್ಲಿರಿಸುವ ಯೋಚನೆ ನನಗೆ ಹಿತವೆನಿಸುತ್ತದೆ. ಕೆಂಪು ವಾಹನವನ್ನು ಕಂಡ ಮಕ್ಕಳು ಕೈಬೀಸುತ್ತಾರೆ. ಖಾಕಿಯನ್ನು ಕಂಡರೆ ತಾಯಿಯ ಸೆರಗಿನ ಹಿಂದೆ ಸರಿಯುತ್ತಾರೆ. ಅಗ್ನಿಶಾಮಕನ ಶತ್ರುವಿಗೆ ಜಾತಿಯಿಲ್ಲ, ಪಕ್ಷವಿಲ್ಲ; 1944ರ ಏಪ್ರಿಲ್ 14ರಂದು ಮುಂಬಯಿಯ ಬಂದರಿನಲ್ಲಿ ಹತ್ತಿಯನ್ನೂ ಸ್ಫೋಟಕಗಳನ್ನೂ ಹೊತ್ತು ಉರಿಯುತ್ತಿದ್ದ ಹಡಗಿನ ಬಳಿ ನಿಂತು ಮಡಿದ ಅರವತ್ತಾರು ಮಂದಿ, ಒಳಗಿರುವುದು ಯಾರ ಸರಕೆಂದು ಕೇಳಿ ನೀರು ಹೊಡೆಯಲಿಲ್ಲ. ಪೊಲೀಸಿನವನ ಕೆಲಸ ಅದಕ್ಕಿಂತ ಕಠಿನ; ಅವನ ಎದುರಿಗಿರುವುದು ಮನುಷ್ಯ. ಒಂದೇ ಬಾವಿಯ ನೀರು ಕುಡಿದು, ಒಂದೇ ಗಂಟೆಗೆ ಎದ್ದು, ಪಾಳಿಯ ನಡುವೆ ಒಂದೇ ಜಗುಲಿಯಲ್ಲಿ ಕೂಡುವವರಲ್ಲಿ ಒಬ್ಬನ ನಿಷ್ಪಕ್ಷಪಾತವು ಇನ್ನೊಬ್ಬನಿಗೆ ಸ್ವಲ್ಪವಾದರೂ ಅಂಟೀತೆಂಬ ಆಸೆ ನನ್ನದು. ಇದು ಆಸೆ ಮಾತ್ರ, ವಾದವಲ್ಲ. ಕಾನೂನಿನ ಲೆಕ್ಕವೇ ಬೇರೆ: ಪೊಲೀಸು ರಾಜ್ಯದ ಪಟ್ಟಿಯಲ್ಲಿದೆ, ಅಗ್ನಿಶಾಮಕ ಸೇವೆಯು 1992ರ 74ನೆಯ ತಿದ್ದುಪಡಿ ತಂದ ಹನ್ನೆರಡನೆಯ ಅನುಸೂಚಿಯ ಮೂಲಕ ಪೌರಸಂಸ್ಥೆಗಳಿಗೆ ಒಪ್ಪಿಸಬಹುದಾದ ಕಾರ್ಯಗಳ ಸಾಲಿನಲ್ಲಿ ಕುಳಿತಿದೆ.

ಕೂಲಿಗೆ ಎಚ್ಚರವನ್ನು ಒಪ್ಪಿಸಿದ ಊರು ಆ ನೆಪದಲ್ಲಿ ಪೂರ್ತಿ ನಿದ್ದೆಹೋದೀತೆಂಬ ಶಂಕೆಯೊಂದು ಕೊನೆಗೂ ಉಳಿಯುತ್ತದೆ. ಸರ್ವಭೂತಗಳ ರಾತ್ರಿಯಲ್ಲಿ ಸಂಯಮಿಯು ಎಚ್ಚರವಾಗಿರುತ್ತಾನೆಂದು ಗೀತೆ ಹೇಳುವಾಗ ಉದ್ದೇಶಿಸಿದ್ದು ಆತ್ಮಜ್ಞಾನಿಯನ್ನೇ ಹೊರತು ಇರುಳ ಪಾಳಿಯ ಪೇದೆಯನ್ನಲ್ಲ, ನಿಜ. ಆದರೂ ಮಾರ್ಗಶಿರದ ಚಳಿಯಲ್ಲಿ ಬಸ್ ನಿಲ್ದಾಣದ ಮುಂದೆ ಕಿವಿಗೆ ಮಫ್ಲರ್ ಸುತ್ತಿಕೊಂಡು, ಬೀಗಗಳನ್ನು ಒಂದೊಂದಾಗಿ ಎಳೆದು ನೋಡುತ್ತ ಹೋಗುವವನನ್ನು ಕಂಡಾಗ, ಎಚ್ಚರಕ್ಕೂ ಒಂದು ತಪಸ್ಸಿನ ಮುಖವುಂಟೆಂದು ನನಗೆ ತೋರಿದೆ. ಅವನಿಗೆ ಮಳೆ ಸೋರದ ಒಂದು ಕೋಣೆಯನ್ನು ಕೊಡುವುದಕ್ಕೆ ಇಷ್ಟು ಚರ್ಚೆ ಬೇಕಾದದ್ದು ನಾಚಿಕೆಯೆಂದೂ ತೋರಿದೆ.

ಬಿನ್ನವತ್ತಳೆಗೆ ಸಹಿಗಳು ಬಿದ್ದುವು, ವಯೋವೃದ್ಧರೂ ಹಾಕಿದರು. ಮೊನ್ನೆ ಏರಿಯ ಕೆಳಗೆ ಹಾದುಹೋಗುತ್ತಿದ್ದಾಗ, ಸರ್ವೆಯವರು ನೆಟ್ಟುಹೋದ ಮೂಲೆಗಲ್ಲಿಗೆ ಹಸುವೊಂದನ್ನು ಕಟ್ಟಿದ್ದಿತು. ಹಗ್ಗದ ಇನ್ನೊಂದು ತುದಿಯ ಬಳಿ ಅದೇ ಅಜ್ಜಿ. “ಇಲ್ಲಿ ಠಾಣೆ ಬರುತ್ತಂತಲ್ಲ, ಅಜ್ಜಿ” ಎಂದೆ. “ಬರೋತನಕ ಮೇಯ್ಲಿ ಬಿಡಪ್ಪ” ಎಂದಳು. ಅವಳ ಮನೆಯ ಹಿಂದೆ ಕೊಟ್ಟಿಗೆ ಹೊಸದಾಗಿ ಎದ್ದಿತ್ತು. ಈ ವರ್ಷದ ಬಣವೆಯನ್ನು ಮಾತ್ರ ಅವಳು ಕೊಟ್ಟಿಗೆಯಿಂದ ಮೂವತ್ತು ಮಾರು ಆಚೆಗೆ, ಕೆರೆಯ ಕಡೆಗೆ ಒಟ್ಟಿಸಿದ್ದಳು; ಪಕ್ಕದಲ್ಲಿ ಒಂದು ಹಂಡೆ, ಅದರ ತುಂಬ ನೀರು.