ಹೊಳೆಯ ಮೇಲಣವರೂ ಕೆಳಗಣವರೂ

ನದೀತೀರದ ಯಾವ ಊರನ್ನು ಕೇಳಿದರೂ ಹೊಳೆಯನ್ನು ಕೆಡಿಸಿದವರು ಮೇಲಣ ಊರಿನವರೆಂಬ ಉತ್ತರವೇ ದೊರೆಯುವುದು. ರಬಕವಿಯಲ್ಲಿಯೂ ಇದೇ ಮಾತು. ಅದು ಸುಳ್ಳೂ ಅಲ್ಲ. ಮಗ್ಗಗಳ ಊರಾದ ಇಚಲಕರಂಜಿಯ ಬಣ್ಣದ ನೀರನ್ನೂ ಕೊಳೆಯನ್ನೂ ಹೊತ್ತ ಪಂಚಗಂಗೆಯು ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. 2012ರಲ್ಲಿ ಇಚಲಕರಂಜಿಯ ಜನರೇ ಕೆಟ್ಟ ನೀರಿನಿಂದ ಕಾಮಾಲೆಗೆ ತುತ್ತಾದರು. ಆ ಕೃಷ್ಣೆಯೇ ಮುಂದೆ ರಬಕವಿಗೆ ಬರುವಳು.

ಆದರೆ ಗಲಗಲಿಯವರ ಪಾಲಿಗೆ ರಬಕವಿಯೇ ಮೇಲಣ ಊರು. ನೇಕಾರಿಕೆಯಿಂದ ಬಾಳುವ ರಬಕವಿ-ಬನಹಟ್ಟಿಗಳು ಇಚಲಕರಂಜಿಯನ್ನು ಯಾವ ಕಣ್ಣಿನಿಂದ ನೋಡುವವೋ, ಅದೇ ಕಣ್ಣಿನಿಂದ ಇವನ್ನು ನೋಡುವ ಹಕ್ಕು ಬೀಳಗಿ ತಾಲೂಕಿನ ಹಳ್ಳಿಗಳಿಗುಂಟು. ಮೇಲಿನವರು ನಿಲ್ಲಿಸುವವರೆಗೆ ಒಂದೂರು ಮಾತ್ರ ನಿಲ್ಲಿಸಿ ಫಲವೇನೆಂಬ ವಾದವು ಮೇಲ್ನೋಟಕ್ಕೆ ನ್ಯಾಯವಾಗಿ ತೋರುವುದು. ಸಂತೆಯಲ್ಲಿ ಖೋಟಾ ರೂಪಾಯಿಯಿಂದ ಮೋಸಹೋದವನು ಕನಿಕರಕ್ಕೆ ಪಾತ್ರನೇ ಸರಿ. ಅರಿತೂ ಅದನ್ನು ಮುಂದಿನ ಅಂಗಡಿಯಲ್ಲಿ ಸಾಗಿಸಿದ ಕ್ಷಣಕ್ಕೆ ಆ ಕನಿಕರವು ತೀರಿತು. 1976ರ ತಿದ್ದುಪಡಿಯಿಂದ ಸಂವಿಧಾನವು ನದಿಗಳ ರಕ್ಷಣೆಯನ್ನು ಪ್ರತಿಯೊಬ್ಬ ನಾಗರಿಕನ ಕರ್ತವ್ಯವಾಗಿ ಎಣಿಸಿದಾಗ, ಮೇಲಿನವನು ಮೊದಲು ಪಾಲಿಸಲೆಂಬ ನಿಬಂಧನೆಯನ್ನೇನೂ ಹಾಕಲಿಲ್ಲ.

ಹರಿಯುವ ನೀರಿಗೆ ಮೈಲಿಗೆಯಿಲ್ಲವೆಂಬ ನಂಬಿಕೆಯೊಂದು ಮನೆಮನೆಗಳಲ್ಲಿದೆ. ಹೂವು, ಬೂದಿಗಳ ಕಾಲಕ್ಕೆ ಅದು ಸಲ್ಲುತ್ತಿದ್ದಿತು. ಈಗ ಬೇಸಿಗೆಯಲ್ಲಿ ಕೃಷ್ಣೆಯು ಹರಿಯುವುದೇ ವಿರಳ. ಹಿಪ್ಪರಗಿಯಂಥ ಕಟ್ಟೆಗಳ ಹಿಂದೆ ನಿಂತಿರುವಳು. ಕೊಯ್ನೆಯ ನೀರು ಬಿಡಿರೆಂದು ಕರ್ನಾಟಕವು ಮಹಾರಾಷ್ಟ್ರವನ್ನು ಬೇಡಿಕೊಂಡ ವರ್ಷಗಳು ಹಲವು. ನಿಂತ ನೀರಿಗೆ ಬಿದ್ದುದು ನಿಂತೇ ಇರುವುದು.

ಇದರಿಂದ ಬಣ್ಣಗಾರನೊಬ್ಬನನ್ನೇ ಹಳಿದು ಕೈತೊಳೆದುಕೊಳ್ಳುವುದೂ ತರವಲ್ಲ. ಹತ್ತಿಯ ನೂಲಿಗೆ ಬಣ್ಣ ಹಿಡಿಯಲು ಉಪ್ಪು ಹೇರಳವಾಗಿ ಬೇಕು. ಹಿಡಿಯದೆ ಉಳಿದ ಬಣ್ಣವೂ ಉಪ್ಪೂ ತೊಳೆದ ನೀರಿನೊಡನೆ ಹೊರಬೀಳುತ್ತವೆ. ಸುಣ್ಣ, ಪಟಿಕಗಳಿಂದ ಬಣ್ಣವನ್ನು ಬಹುಮಟ್ಟಿಗೆ ತಳಕ್ಕಿಳಿಸಬಹುದು, ಉಪ್ಪು ಇಳಿಯದು. ಅದನ್ನು ಬೇರ್ಪಡಿಸುವ ಯಂತ್ರವು ಒಬ್ಬ ಬಡವನ ಅಳವಿಗೆ ಮೀರಿದ್ದು, ಊರೆಲ್ಲ ಕೂಡಿ ಮಾಡಬೇಕಾದುದು. ಅಗ್ಗದ ಸೀರೆಯನ್ನು ಚೌಕಾಶಿ ಮಾಡಿ ಕೊಳ್ಳುವ ಸುಶಿಕ್ಷಿತ ಗೃಹಸ್ಥನಾದರೂ ಆ ವೆಚ್ಚವನ್ನು ಎಂದು ತೆತ್ತನು? ವರುಷಕ್ಕೊಮ್ಮೆ ಮೆರವಣಿಗೆ ತೆಗೆದು ನದಿಯ ಮೆಟ್ಟಿಲು ಗುಡಿಸುವವರು, ಮರುದಿನ ತಮ್ಮ ಬಚ್ಚಲಿನ ನೀರು ಯಾವ ಗಟಾರದಿಂದ ಎಲ್ಲಿಗೆ ಹೋಗುವುದೆಂದು ನಡೆದುಕೊಂಡು ಹೋಗಿ ನೋಡಿ ಬಂದರೆ, ಗಲಗಲಿಯ ದಾರಿಯನ್ನು ಅರ್ಧ ಕಂಡಂತಾದೀತು.