ಟೀಚರಮ್ಮನ ಋಣ: ಒಂದು ತತ್ತ್ವದ ಪರಿಚಯ

ಋಣತ್ರಯ ಎಂಬ ಕಲ್ಪನೆಯ ಪ್ರಾಚೀನ ನೆಲೆಗಳಲ್ಲಿ ಕೃಷ್ಣಯಜುರ್ವೇದದ ತೈತ್ತಿರೀಯ ಸಂಹಿತೆ ಮುಖ್ಯವಾದುದು. ಅದರ ಆರನೆಯ ಕಾಂಡದಲ್ಲಿ ಯಾಗದ ವಿಧಿಗಳನ್ನು ವಿವರಿಸುತ್ತಿರುವಾಗ ನಡುವೆ ಬರುವ ಒಂದು ವಾಕ್ಯದ ಪ್ರಕಾರ, ಬ್ರಾಹ್ಮಣನು ಹುಟ್ಟುವಾಗಲೇ ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಹೀಗೆ ಮೂರು ಬಗೆಯ ಸಾಲವನ್ನು ಹೊತ್ತು ಬರುತ್ತಾನೆ. ಬ್ರಹ್ಮಚರ್ಯದಿಂದ, ಎಂದರೆ ಗುರುವಿನ ಬಳಿ ಇದ್ದು ಕಲಿಯುವುದರಿಂದ ಮೊದಲನೆಯದು, ಯಜ್ಞದಿಂದ ಎರಡನೆಯದು, ಸಂತಾನದಿಂದ ಮೂರನೆಯದು ತೀರುತ್ತದೆ. ಶತಪಥ ಬ್ರಾಹ್ಮಣವು ಇವುಗಳ ಜೊತೆಗೆ ನಾಲ್ಕನೆಯದಾಗಿ ಮನುಷ್ಯರ ಋಣವನ್ನು ಸೇರಿಸಿ, ಬಂದವರಿಗೆ ಇರಲು ಜಾಗ ಮತ್ತು ಉಣ್ಣಲು ಅನ್ನ ಕೊಡುವುದೇ ಅದರ ತೀರುವಳಿಯೆಂದು ಹೇಳುತ್ತದೆ. ಈ ಪಟ್ಟಿಯಲ್ಲಿ ಎದ್ದು ಕಾಣುವ ಸಂಗತಿಯೆಂದರೆ, ಋಷಿಗಳಿಂದ ಪಡೆದುದನ್ನು ಋಷಿಗಳಿಗೆ ಮರಳಿಸುವ ವ್ಯವಸ್ಥೆ ಇಲ್ಲಿ ಇಲ್ಲದಿರುವುದು. ಅವರು ಕಂಡುಕೊಟ್ಟ ವಿದ್ಯೆಯನ್ನು ಕಲಿತು ಉಳಿಸಿಕೊಂಡರೆ ಅವರ ಸಾಲ ತೀರಿತು; ಹೆತ್ತವರಿಂದ ಪಡೆದ ಜನ್ಮವನ್ನು ಮುಂದಿನವರಿಗೆ ಕೊಟ್ಟರೆ ಅವರ ಸಾಲವೂ ತೀರಿತು. ಕೊಟ್ಟವರು ಒಂದು ಕಡೆ, ಪಡೆಯುವವರು ಇನ್ನೊಂದು ಕಡೆ ಇರುವ ಈ ವಿಚಿತ್ರ ಲೆಕ್ಕಾಚಾರವನ್ನು ವ್ಯವಹಾರದ ಸಾಲದೊಂದಿಗೆ ಬೆರೆಸಿದರೆ ತತ್ತ್ವದ ತಿರುಳು ಕೈತಪ್ಪುತ್ತದೆ.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಊರುಗಳಲ್ಲಿ ದಶಕಗಳ ಕಾಲ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ, ನಿವೃತ್ತಿಯ ಬಳಿಕ ಮನೆಯ ಜಗಲಿಯಲ್ಲಿ ಮೊಮ್ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿದ ಶಿಕ್ಷಕಿಯ ಬದುಕು ಈ ತತ್ತ್ವವನ್ನು ಪರೀಕ್ಷಿಸಲು ಬಹಳ ಒದಗುತ್ತದೆ, ಏಕೆಂದರೆ ಅಂಥವಳಲ್ಲಿ ಋಷಿಋಣ ಮತ್ತು ಪಿತೃಋಣ ಎರಡೂ ಒಬ್ಬ ವ್ಯಕ್ತಿಯಲ್ಲೇ ಕೂಡುತ್ತವೆ. ಈ ಪ್ರದೇಶ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸು ಪ್ರಾಂತ್ಯಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದು, 1997ರಲ್ಲಿ ಉಡುಪಿ ಜಿಲ್ಲೆಗೆ ಬಂತು. ಇಲ್ಲಿನ ಹಳೆಯ ಐಗಳ ಮಠಗಳ ಜಾಗದಲ್ಲಿ ಬೋರ್ಡ್ ಶಾಲೆಗಳೂ ಮಿಶನ್ ಶಾಲೆಗಳೂ ಅನುದಾನಿತ ಶಾಲೆಗಳೂ ಹಬ್ಬಿದಂತೆ, ಗಂಡು ಮಾಷ್ಟ್ರುಗಳ ಜೊತೆಗೆ ಹೆಂಗಸರೂ ಕ್ರಮೇಣ ಪಾಠಕ್ಕೆ ನಿಂತರು. ಮನೆಯಲ್ಲಿ ಕುಂದಾಪುರ ಕನ್ನಡ, ಕೊಂಕಣಿ, ಬ್ರಹ್ಮಾವರದ ಕಡೆ ತುಳು, ಗಂಗೊಳ್ಳಿ, ಶಿರೂರುಗಳ ಮುಸ್ಲಿಂ ಮನೆಗಳಲ್ಲಿ ಬೇರೆ ಮಾತು, ಹೀಗೆ ಹಲವು ನುಡಿಗಳಿಂದ ಬಂದ ಮಕ್ಕಳನ್ನು ಪುಸ್ತಕದ ಕನ್ನಡಕ್ಕೆ ದಾಟಿಸುವುದು, ಮಳೆಗಾಲದಲ್ಲಿ ಹೊಳೆ ಏರಿ ಸಂಕ ಮುಳುಗಿದಾಗ ಬಾರದ ಮಕ್ಕಳನ್ನು ಮತ್ತೆ ಬೆಂಚಿಗೆ ತರುವುದು, ಮೀನುಗಾರಿಕೆಯ ಹಂಗಾಮಿನಲ್ಲಿ ದಕ್ಕೆಗೆ ಹೋಗಿಬಿಡುವ ಹುಡುಗರ ಮನೆಗೆ ನಡೆದು ಹೇಳಿಬರುವುದು ಇವೆಲ್ಲ ಅವಳ ಕೆಲಸದ ಭಾಗವಾಗಿದ್ದವು. ಯಾವ ಸೇವಾಪುಸ್ತಕದಲ್ಲೂ ಇವುಗಳಿಗೆ ಕಲಮು ಇರುವುದಿಲ್ಲ.

ಇಲ್ಲಿ ಒಂದು ಸಹಜ ಆಕ್ಷೇಪ ಏಳುತ್ತದೆ. ಶಿಕ್ಷಕಿಗೆ ಸರ್ಕಾರ ಸಂಬಳ ಕೊಟ್ಟಿದೆ, ನಿವೃತ್ತಿವೇತನವನ್ನೂ ಕೊಟ್ಟಿದೆ. ಹಾಗಿದ್ದ ಮೇಲೆ ಅವಳ ವಿದ್ಯಾರ್ಥಿಗಳ ಮೇಲೆ ಋಣ ಉಳಿಯುವುದು ಹೇಗೆ? ಪ್ರಾಚೀನರಿಗೂ ಈ ಪ್ರಶ್ನೆ ಗೊತ್ತಿತ್ತು. ಮನುಸ್ಮೃತಿಯು ಉಪನಯನ ಮಾಡಿ ವೇದವನ್ನು ಸಂಪೂರ್ಣವಾಗಿ ಕಲಿಸುವವನನ್ನು ಆಚಾರ್ಯನೆಂದೂ, ಜೀವನೋಪಾಯಕ್ಕಾಗಿ ವೇದದ ಒಂದು ಭಾಗವನ್ನೋ ವೇದಾಂಗವನ್ನೋ ಕಲಿಸುವವನನ್ನು ಉಪಾಧ್ಯಾಯನೆಂದೂ ಬೇರ್ಪಡಿಸಿ, ಹತ್ತು ಉಪಾಧ್ಯಾಯರಿಗಿಂತ ಒಬ್ಬ ಆಚಾರ್ಯ ದೊಡ್ಡವನೆಂದು ತೂಗುತ್ತದೆ. ಮುಂದುವರಿದು ತಾಯಿಯನ್ನು ಇವರೆಲ್ಲರಿಗಿಂತ ಎಷ್ಟೋ ಮೇಲೆ ಕೂರಿಸುತ್ತದೆ. ಸಂಬಳ ಪಡೆದವನ ಮೇಲೆ ಗೌರವ ಕಡಿಮೆಯೆಂಬ ಈ ತೂಕ ಇಂದಿನವರಿಗೆ ಒಪ್ಪಿಗೆಯಾಗಬೇಕಿಲ್ಲ, ಸಂಬಳವಿಲ್ಲದ ಗುರುವನ್ನು ಹೊಗಳುವುದು ಎಷ್ಟೋ ಸಲ ಸಂಬಳ ಕೊಡದಿರಲು ನೆಪವೂ ಆಗಿದೆ. ಆದರೂ ಆ ಭೇದದೊಳಗೆ ಒಂದು ಸತ್ಯಾಂಶವಿದೆ. ಸಂಬಳವು ಹೊತ್ತಿಗೆ, ಹಾಜರಿಗೆ, ಪಾಠಪಟ್ಟಿಗೆ ಸಲ್ಲುತ್ತದೆ. ಅಕ್ಷರ ಹತ್ತದ ಮಗುವಿನ ಮೇಲೆ ವರ್ಷಗಟ್ಟಲೆ ಇಟ್ಟ ಗಮನವನ್ನು ಯಾರೂ ಅಳೆದಿಲ್ಲವಾದ್ದರಿಂದ ಅದಕ್ಕೆ ಬೆಲೆಯನ್ನೂ ಕಟ್ಟಿಲ್ಲ. ಋಣವೆಂಬುದು ಸಂಬಳ ತೀರಿದ ಮೇಲೂ ಉಳಿಯುವ ಈ ಭಾಗಕ್ಕೆ ಸಂಬಂಧಿಸಿದುದು.

ಇದಕ್ಕಿಂತ ಕಠಿಣವಾದ ಆಕ್ಷೇಪವನ್ನು ನ್ಯಾಯದರ್ಶನ ಎತ್ತಿಕೊಂಡಿತು. ಗೌತಮನ ನ್ಯಾಯಸೂತ್ರಗಳ ನಾಲ್ಕನೆಯ ಅಧ್ಯಾಯದಲ್ಲಿ ಪೂರ್ವಪಕ್ಷಿ, ಎಂದರೆ ಎದುರು ವಾದವನ್ನು ಮಂಡಿಸುವವನು, ಮನುಷ್ಯ ಹುಟ್ಟಿದಂದಿನಿಂದ ಸಾಯುವವರೆಗೆ ಋಣ ತೀರಿಸುವುದರಲ್ಲೇ ಇರುವುದಾದರೆ ಮೋಕ್ಷಕ್ಕೆ ಬಿಡುವೆಲ್ಲಿ ಎಂದು ಕೇಳುತ್ತಾನೆ. ಭಾಷ್ಯಕಾರ ವಾತ್ಸ್ಯಾಯನನ ಸಮಾಧಾನ ಹೀಗಿದೆ. ಮುಖ್ಯಾರ್ಥದಲ್ಲಿ ಋಣವೆನ್ನಬೇಕಾದರೆ ಮರಳಿ ಪಡೆಯುವ ಉದ್ದೇಶದಿಂದ ಕೊಡುವವನೊಬ್ಬ, ಮರಳಿಸುವೆನೆಂದು ಪಡೆಯುವವನೊಬ್ಬ ಇರಬೇಕು. ಹುಟ್ಟುವ ಶಿಶು ಹಾಗೆ ಏನನ್ನೂ ಪಡೆದಿಲ್ಲ. ಆದ್ದರಿಂದ ವೇದವಾಕ್ಯದಲ್ಲಿ ಆ ಪದ ಗೌಣಾರ್ಥದಲ್ಲಿ, ಹೋಲಿಕೆಯ ಬಲದಿಂದ ಬಂದಿದೆ; ಸಾಲ ತೀರಿಸದವನನ್ನು ಲೋಕ ಹಳಿಯುವಂತೆ ಕರ್ತವ್ಯ ಬಿಟ್ಟವನನ್ನೂ ಹಳಿಯುತ್ತದೆ, ತೀರಿಸಿದವನನ್ನು ಹೊಗಳುವಂತೆ ಮಾಡಿದವನನ್ನೂ ಹೊಗಳುತ್ತದೆ. ಹುಟ್ಟುವಾಗಲೇ ಎಂಬ ಮಾತನ್ನೂ ಅವನು ಅಕ್ಷರಶಃ ತೆಗೆದುಕೊಳ್ಳದೆ, ಕರ್ತವ್ಯಕ್ಕೆ ಅಧಿಕಾರ ಬರುವ ಹಂತವನ್ನು ಅದು ಸೂಚಿಸುತ್ತದೆಂದು ಹೇಳಿ, ಶಿಶುವಿನ ಹೆಗಲ ಮೇಲಿನ ಹೊರೆಯನ್ನು ಇಳಿಸುತ್ತಾನೆ. ಈ ವಿಶ್ಲೇಷಣೆ ನೀರಸವಾಗಿ ಕಂಡರೂ ಅದರ ಪರಿಣಾಮ ದೊಡ್ಡದು. ಕೇಳದೆ ಪಡೆದುದರ ಬಗ್ಗೆ ಯಾರೂ ಯಾರಿಂದಲೂ ವಸೂಲಿ ಮಾಡುವಂತಿಲ್ಲ ಎಂಬುದು ಅದರಿಂದ ಸಿದ್ಧವಾಗುತ್ತದೆ.

ಕರಾವಳಿಯ ಚರಿತ್ರೆಯನ್ನು ಬಲ್ಲವರಿಗೆ ಈ ಎಚ್ಚರ ಅಗತ್ಯವೆಂದು ಒಡನೆ ತೋರುತ್ತದೆ. ಧಣಿಯ ಮನೆಯಿಂದ ಮದುವೆಗೋ ಔಷಧಿಗೋ ಪಡೆದ ಸಣ್ಣ ಸಾಲದ ಕಾರಣದಿಂದ ಮೂಲದಾಳುಗಳ ಕುಟುಂಬಗಳು ತಲೆಮಾರುಗಟ್ಟಲೆ ಒಂದೇ ಮನೆಯ ಗದ್ದೆಗೆ ಕಟ್ಟುಬಿದ್ದ ನಾಡಿದು. ಗೇಣಿಯ ಬಾಕಿಯೂ ಹಾಗೆಯೇ ಮಗನಿಂದ ಮೊಮ್ಮಗನಿಗೆ ಇಳಿದುಬರುತ್ತಿತ್ತು, 1974ರ ಭೂಸುಧಾರಣಾ ತಿದ್ದುಪಡಿ ಬರುವವರೆಗೆ. ಉಪ್ಪಿನ ಋಣ, ಅನ್ನದ ಋಣ ಎಂಬ ಮಾತುಗಳು ಅಲ್ಲಿ ಬಾಯಿ ಮುಚ್ಚಿಸಲು ಬಳಕೆಯಾದವು. ಹುಟ್ಟಿನಿಂದಲೇ ಸಾಲಗಾರ ಎಂಬ ಕಲ್ಪನೆಯನ್ನು ಅಂಥ ಸಮಾಜದಲ್ಲಿ ಹಾಗೆಯೇ ಬೋಧಿಸುವುದು ಅಪಾಯಕರ. ಧಣಿಯ ಸಾಲಕ್ಕೂ ಋಷಿಋಣಕ್ಕೂ ಇರುವ ಅಂತರವನ್ನು ಗುರುತಿಸಲು ಒಂದು ಸರಳ ಲಕ್ಷಣವಿದೆ. ಧಣಿಯ ಸಾಲ ಸಾಲಗಾರನನ್ನು ಇದ್ದಲ್ಲೇ ಕಟ್ಟಿಹಾಕುತ್ತದೆ, ಕೊಟ್ಟವನಿಗೆ ಕೇಳುವ ಹಕ್ಕನ್ನು ಕೊಡುತ್ತದೆ. ಶಿಕ್ಷಕಿಯ ಋಣವಾದರೋ ಪಡೆದವನನ್ನು ಆ ಊರಿನಿಂದ ಹೊರಗೆ, ಮುಂಬಯಿಯ ಹೋಟೆಲಿಗೋ ಬೆಂಗಳೂರಿನ ಕಚೇರಿಗೋ ಹೋಗಲು ಶಕ್ತನನ್ನಾಗಿ ಮಾಡುತ್ತದೆ, ಮತ್ತು ಅವಳು ಕೇಳುವುದಿಲ್ಲ. ಮೂಲದಾಳಿನ ಮಗಳು ಅಕ್ಷರ ಕಲಿತಾಗ ಎರಡನೆಯ ಬಗೆಯ ಋಣವು ಮೊದಲನೆಯದನ್ನು ಮುರಿಯುವ ಸಾಧನವೂ ಆಯಿತು.

ಪಶ್ಚಿಮದ ದಾರ್ಶನಿಕರಲ್ಲೂ ಈ ಚರ್ಚೆಯ ಎರಡು ಕೊನೆಗಳು ಸಿಗುತ್ತವೆ. ಇಮ್ಯಾನುಯೆಲ್ ಕಾಂಟ್ 1797ರ ತನ್ನ ನೀತಿಗ್ರಂಥದಲ್ಲಿ ಕೃತಜ್ಞತೆಯನ್ನು ಎಂದೂ ಪೂರ್ತಿ ತೀರದ ಕರ್ತವ್ಯವೆಂದು ಎಣಿಸಿದನು. ಉಪಕಾರ ಮಾಡಿದವನು ಮೊದಲಿಗನಾಗಿಬಿಟ್ಟಿರುವುದರಿಂದ, ಪಡೆದವನು ಎಷ್ಟು ಮರಳಿಸಿದರೂ ಆ ಮೊದಲತನವನ್ನು ತಾನು ಪಡೆಯಲಾರ. ಇದಕ್ಕೆ ಎದುರಾಗಿ ಅಮೆರಿಕದ ಜೇನ್ ಇಂಗ್ಲಿಷ್ 1979ರ ಒಂದು ಪ್ರಬಂಧದಲ್ಲಿ, ಬೆಳೆದ ಮಕ್ಕಳು ಹೆತ್ತವರಿಗೆ ಸಾಲವೆಂಬ ಅರ್ಥದಲ್ಲಿ ಏನನ್ನೂ ಕೊಡಬೇಕಾಗಿಲ್ಲ, ಅವರ ನಡುವಿನ ಕರ್ತವ್ಯಗಳು ಪ್ರೀತಿ ಮತ್ತು ಸ್ನೇಹದಿಂದ ಹುಟ್ಟುತ್ತವೆ ಎಂದು ವಾದಿಸಿದಳು. ಸಾಲದ ಭಾಷೆ ಪ್ರೀತಿಯನ್ನು ಕೆಡಿಸುತ್ತದೆಂಬ ಅವಳ ಆತಂಕ ಸರಿಯಾದುದು. ಆದರೆ ಸ್ನೇಹ ಮುಗಿದರೆ, ಅಥವಾ ಸ್ನೇಹಿತೆ ತೀರಿಹೋದರೆ ಕರ್ತವ್ಯವೂ ಮುಗಿಯಬೇಕಾಗುತ್ತದೆ, ಅಲ್ಲಿ ಅವಳ ವಾದ ಸೊರಗುತ್ತದೆ. ಋಣತ್ರಯದ ಕಲ್ಪನೆಯಾದರೋ ಕೊಟ್ಟವರು ಇಲ್ಲದಿರುವಾಗಲೇ ಚುರುಕಾಗುವಂಥದು.

ಅಜ್ಜಿಯ ವಿಷಯದಲ್ಲಿ ಗ್ರಂಥಗಳಿಗೂ ನೆಲಕ್ಕೂ ನಡುವೆ ಇನ್ನೊಂದು ಬಿರುಕು ಕಾಣುತ್ತದೆ. ಪಿತೃಋಣದ ಶಾಸ್ತ್ರ ಗಂಡು ಸಂತಾನವನ್ನೂ ತಂದೆಯ ಗೋತ್ರವನ್ನೂ ಮುಂದಿಟ್ಟುಕೊಂಡು ಬೆಳೆಯಿತು. ಕುಂದಾಪುರ ಸೀಮೆಯಲ್ಲಿ ಬಂಟರು, ಮೊಗವೀರರು, ಬಿಲ್ಲವರು ಮೊದಲಾದ ಸಮುದಾಯಗಳು ಅಳಿಯಕಟ್ಟು ಅಥವಾ ಅಳಿಯಸಂತಾನ ಪದ್ಧತಿಯಂತೆ ತಾಯಿಯ ಕಡೆಯಿಂದ ಬಳಿಯನ್ನೂ ಆಸ್ತಿಯನ್ನೂ ಎಣಿಸಿಕೊಂಡು ಬಂದವು. 1949ರ ಮದರಾಸು ಅಳಿಯಸಂತಾನ ಕಾಯಿದೆ ಈ ಕಟ್ಟಳೆಯನ್ನು ಶಾಸನದ ಚೌಕಟ್ಟಿಗೆ ತಂದಿತು. ಅಂಥ ಮನೆಗಳಲ್ಲಿ ಹಿರಿಯರಿಗೆ ಬಡಿಸುವ ದಿನ ನೆನಪಿನ ಸಾಲು ಅಜ್ಜಿಯಿಂದ ಆರಂಭವಾಗುವುದು ಸಹಜ. ತಂದೆಯ ಗೋತ್ರ ಹೇಳುವ ಮನೆಗಳ ತರ್ಪಣದಲ್ಲೂ ಅಜ್ಜಿಗೆ ಸ್ಥಾನವಿದೆ. ತಂದೆಯ ತಾಯಿ ಪಿತಾಮಹಿಯಾಗಿ, ತಾಯಿಯ ತಾಯಿ ಮಾತಾಮಹಿಯಾಗಿ ಎಳ್ಳುನೀರು ಪಡೆಯುತ್ತಾರೆ. ಮಹಾಲಯದ ತರ್ಪಣದ ಪಟ್ಟಿ ಇನ್ನೂ ಮುಂದೆ ಹೋಗಿ ಗುರುವನ್ನೂ ಸ್ನೇಹಿತರನ್ನೂ ಸೇರಿಸಿಕೊಳ್ಳುತ್ತದೆ ಎಂಬುದು ಅನೇಕರ ಗಮನಕ್ಕೆ ಬಾರದ ಸಂಗತಿ. ರಕ್ತಸಂಬಂಧವಿಲ್ಲದ ಶಿಕ್ಷಕಿಯನ್ನು ಹಿರಿಯರ ಸಾಲಿನಲ್ಲಿ ನೆನೆಯುವುದಕ್ಕೆ ಇದರಲ್ಲಿ ಆಧಾರ ಸಿಗುತ್ತದೆ, ಮೂಲವಾಕ್ಯ ಬ್ರಾಹ್ಮಣ ಪುರುಷನನ್ನು ಮಾತ್ರ ಹೆಸರಿಸಿದ್ದರೂ. ಪಾಠ ಹೇಳುವ ಹೆಂಗಸು ಹಳಬರಿಗೆ ಅಪರಿಚಿತಳೂ ಅಲ್ಲ, ಸಂಸ್ಕೃತ ವೈಯಾಕರಣರು ಗುರುವಿನ ಹೆಂಡತಿಯನ್ನೂ ತಾನೇ ಗುರುವಾದವಳನ್ನೂ ಬೇರೆ ಬೇರೆ ಪದಗಳಿಂದ ಗುರುತಿಸಿದ್ದರು.

ಈ ತರ್ಪಣವು ಮೂರು ತಲೆಮಾರಿಗೆ ನಿಲ್ಲುತ್ತದೆ. ಸಪಿಂಡೀಕರಣದ ವಿಧಿಯಲ್ಲಿ ಹೊಸದಾಗಿ ತೀರಿಕೊಂಡವರು ಪಿತೃಗಳ ಸಾಲಿಗೆ ಸೇರಿದಾಗ, ಸಾಲಿನ ಆಚೆಯ ತುದಿಯಲ್ಲಿದ್ದವರು ಪಿಂಡದ ಹಕ್ಕನ್ನು ಬಿಟ್ಟು, ಕೈಗೆ ಅಂಟಿದ ಲೇಪವನ್ನಷ್ಟೇ ಪಡೆಯುವವರ ಗುಂಪಿಗೆ ಸರಿಯುತ್ತಾರೆ. ಹೆಸರು ಹಿಡಿದು ನೆನೆಯುವ ಕಾಲಕ್ಕೆ ಮಿತಿಯಿದೆಯೆಂದು ಒಪ್ಪಿಕೊಳ್ಳುವ ಈ ವಿಧಿ, ಅಜರಾಮರ ಎಂಬ ಮಾತನ್ನು ಶ್ರದ್ಧಾಂಜಲಿಗಳಲ್ಲಿ ಧಾರಾಳವಾಗಿ ಹಂಚುವ ಇಂದಿನವರಿಗಿಂತ ಪ್ರಾಮಾಣಿಕವಾದುದು. ನೈಯಾಯಿಕರು ಸ್ಮೃತಿಯನ್ನು, ಎಂದರೆ ನೆನಪನ್ನು, ಹಿಂದಿನ ಅನುಭವ ಮನಸ್ಸಿನಲ್ಲಿ ಬಿಟ್ಟ ಸಂಸ್ಕಾರದಿಂದ ಮಾತ್ರ ಹುಟ್ಟುವ ಜ್ಞಾನವೆಂದು ಕರೆದು, ಅದು ತಾನೇ ಅನುಭವವಲ್ಲದ ಕಾರಣ ಅದನ್ನು ಪ್ರಮಾಣಗಳ ಸಾಲಿನಿಂದ ಹೊರಗಿಟ್ಟರು. ಅಜ್ಜಿಯನ್ನು ಕಾಣದ ಮರಿಮಕ್ಕಳಿಗೆ ಅವಳ ನೆನಪು ಈ ಅರ್ಥದಲ್ಲಿ ಸಾಧ್ಯವೇ ಇಲ್ಲ. ಅವರಿಗೆ ಬೇಕಾದದ್ದು ಶಬ್ದ, ಎಂದರೆ ನಂಬತಕ್ಕವರ ಮಾತು. ಕುಂದಾಪುರದ ಲೇಖಕಿ ವೈದೇಹಿಯವರು ಕೋಟ ಲಕ್ಷ್ಮೀನಾರಾಯಣ ಕಾರಂತರ ಬದುಕನ್ನು ‘ನೆನಪಿನಂಗಳದಲ್ಲಿ ಮುಸ್ಸಂಜೆಹೊತ್ತು’ ಎಂಬ ಪುಸ್ತಕವಾಗಿ, ಮಂಗಳೂರಿನಲ್ಲಿ ಕನ್ನಡ ಪಂಡಿತರಾಗಿದ್ದ ಸೇಡಿಯಾಪು ಕೃಷ್ಣಭಟ್ಟರ ನೆನಪುಗಳನ್ನು ಇನ್ನೊಂದು ಪುಸ್ತಕವಾಗಿ ಉಳಿಸಿಕೊಟ್ಟದ್ದು ಒಬ್ಬರ ಸ್ಮೃತಿಯನ್ನು ಇನ್ನೊಬ್ಬರಿಗೆ ಶಬ್ದವಾಗಿಸುವ ಕೆಲಸ. ಪ್ರಾಥಮಿಕ ಶಾಲೆಯ ಟೀಚರಮ್ಮಂದಿರ ಬದುಕಿಗೆ ಅಂಥ ದಾಖಲೆ ಒದಗಿದ್ದು ಅಪರೂಪ. ಅವರ ಹೆಸರಿನ ದತ್ತಿನಿಧಿ, ಶಾಲೆಯ ಗೋಡೆಯ ಪಟ, ವಾರ್ಷಿಕೋತ್ಸವದ ನುಡಿನಮನ ಇಷ್ಟರಲ್ಲೇ ನೆನಪು ಮುಗಿಯುವುದುಂಟು. ಇವು ಬೇಡವೆಂದಲ್ಲ, ಋಣ ತೀರುವ ಬಗೆಯನ್ನು ತೈತ್ತಿರೀಯ ಸಂಹಿತೆ ಹೇಳುವಾಗ ಇಂಥವುಗಳ ಪ್ರಸ್ತಾಪವಿಲ್ಲ.

ಅಲ್ಲಿ ಹೇಳಿರುವುದು ಕಲಿಕೆಯನ್ನು ಮುಂದುವರಿಸುವುದನ್ನು. ಮುಂದುವರಿಸುವುದೆಂದರೆ ಇದ್ದುದನ್ನು ಇದ್ದ ಹಾಗೆಯೇ ಒಪ್ಪಿಸುವುದೆಂದು ತಿಳಿದರೆ ತಪ್ಪಾಗುತ್ತದೆ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ 1968ರ ಕಾದಂಬರಿ ‘ಮೂಕಜ್ಜಿಯ ಕನಸುಗಳು’ ಇಲ್ಲಿ ನೆನಪಿಗೆ ಬರುತ್ತದೆ. ಅದರ ಅಜ್ಜಿ ಬಾಲವಿಧವೆ, ಮೊಮ್ಮಗ ಸುಬ್ಬರಾಯನಿಗೆ ಅವಳಿಂದ ಸಿಗುವುದು ಸಿದ್ಧ ನಂಬಿಕೆಗಳಲ್ಲ, ದೇವರು, ಸಂಸಾರ, ಸಾವುಗಳ ಬಗ್ಗೆ ಕೇಳುವ ಧೈರ್ಯ. ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಕಲಿಕೆ ಮುಗಿಸಿ ಹೊರಟ ಶಿಷ್ಯನಿಗೆ ಆಚಾರ್ಯನು ಮಾಡುವ ಉಪದೇಶದಲ್ಲೂ ಇದೇ ಬಗೆಯ ಬಿಡುಗಡೆಯಿದೆ. ಗುರುಗಳ ನಡೆಯಲ್ಲಿ ಒಳ್ಳೆಯದೆಂದು ಕಂಡುದನ್ನು ಮಾತ್ರ ಅನುಸರಿಸಬೇಕು, ಉಳಿದುದನ್ನು ಅನುಸರಿಸಬಾರದು ಎಂದು ಆಚಾರ್ಯನೇ ಹೇಳಿಬಿಡುತ್ತಾನೆ. ಹಳೆಯ ತಲೆಮಾರಿನ ಕರಾವಳಿಯ ಶಾಲೆಗಳಲ್ಲಿ ಅತ್ಯಂತ ಮಮತೆಯ ಶಿಕ್ಷಕಿಯ ಮೇಜಿನ ಮೇಲೂ ಬೆತ್ತವಿರುತ್ತಿತ್ತು, ಅದರ ಪೆಟ್ಟು ತಿಂದವರೇ ಅವಳನ್ನು ಇಂದು ಪ್ರೀತಿಯಿಂದ ನೆನೆಯುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯಿದೆ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನು ನಿಷೇಧಿಸಿತು. ಅವಳ ಕೈಯಲ್ಲಿ ಕಲಿತು ತಾನೂ ಶಿಕ್ಷಕಿಯಾದವಳು ಅವಳ ಸಹನೆಯನ್ನೂ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವ ರೂಢಿಯನ್ನೂ ಇಟ್ಟುಕೊಂಡು ಬೆತ್ತವನ್ನು ಮಾತ್ರ ಕೈಬಿಟ್ಟರೆ, ಉಪನಿಷತ್ತಿನ ಆ ಆಚಾರ್ಯನ ಲೆಕ್ಕದಲ್ಲಿ ಅವಳು ಏನನ್ನೂ ಬಾಕಿ ಉಳಿಸಿಕೊಂಡವಳಲ್ಲ.