ನಾಣ್ಯದ ಮೇಲಿನ ದೇವರು: ಪ್ರತಿಮೆಯೋ, ಸಾಕ್ಷಿಯೋ?

ಕೈಯಿಂದ ಕೈಗೆ ಸಾಗುತ್ತ, ಸಾಲಕ್ಕೂ ಲಂಚಕ್ಕೂ ದಾನಕ್ಕೂ ಭೇದವಿಲ್ಲದೆ ಒದಗುವ ಲೋಹದ ಬಿಲ್ಲೆಯ ಮೇಲೆ ದೇವರ ರೂಪವನ್ನು ಅಚ್ಚೊತ್ತಿದಾಗ ಅಲ್ಲಿ ದೇವರ ಸನ್ನಿಧಾನ ಉಂಟೇ ಎಂಬ ಪ್ರಶ್ನೆಯನ್ನು ನಾಣ್ಯಶಾಸ್ತ್ರದ ಗ್ರಂಥಗಳು ಸಾಮಾನ್ಯವಾಗಿ ಎತ್ತುವುದಿಲ್ಲ. ತೂಕ, ಲೋಹದ ಶುದ್ಧಿ, ಲಿಪಿ, ಟಂಕಸಾಲೆಗಳ ವಿಚಾರದಲ್ಲೇ ಅವುಗಳ ಆಸಕ್ತಿ ತಣಿಯುತ್ತದೆ. ಕರ್ನಾಟಕದ ನಾಣ್ಯಗಳನ್ನು ನೋಡುವವರಿಗೆ ಮಾತ್ರ ಈ ಪ್ರಶ್ನೆಯಿಂದ ನುಣುಚಿಕೊಳ್ಳುವುದು ಕಷ್ಟ. ವಿಜಯನಗರದ ಮೊದಲ ಅರಸರ ನಾಣ್ಯಗಳಲ್ಲಿ ಹನುಮಂತ, ಗರುಡರು. ಇಮ್ಮಡಿ ಹರಿಹರನವುಗಳಲ್ಲಿ ಉಮಾಮಹೇಶ್ವರ, ಲಕ್ಷ್ಮೀನಾರಾಯಣರು. ಮೈಸೂರಿನ ಕಂಠೀರವ ನರಸರಾಜ ಒಡೆಯರ ಪುಟ್ಟ ಚಿನ್ನದ ಹಣದ ಮೇಲೆ ನರಸಿಂಹ.

ಕೃಷ್ಣದೇವರಾಯನ ಬಾಲಕೃಷ್ಣ ಮಾದರಿಯ ವರಾಹ ಈ ಪ್ರಶ್ನೆಗೆ ಒಳ್ಳೆಯ ಉದಾಹರಣೆ. ವರಾಹವೆಂದರೆ ಸುಮಾರು 3.4 ಗ್ರಾಂ ತೂಗುವ ಚಿನ್ನದ ನಾಣ್ಯ. ಚಾಲುಕ್ಯರ ವರಾಹಲಾಂಛನದಿಂದ ಬಂದ ಆ ಹೆಸರು ಲಾಂಛನ ಮರೆಯಾದ ಮೇಲೂ ಬಳಕೆಯಲ್ಲಿ ಉಳಿಯಿತು. ಬಾಲಕೃಷ್ಣ ವರಾಹದ ಒಂದು ಮುಖದಲ್ಲಿ ಮಂಡಿಯೂರಿ ಕುಳಿತ ಕೃಷ್ಣ, ಇಕ್ಕೆಲಗಳಲ್ಲಿ ಶಂಖ ಚಕ್ರಗಳು. ಇನ್ನೊಂದರಲ್ಲಿ ಮೂರು ಸಾಲಿನ ನಾಗರಿ ಲಿಪಿಯಲ್ಲಿ ‘ಶ್ರೀ ಪ್ರತಾಪ ಕೃಷ್ಣರಾಯ’ ಎಂಬ ಬರಹ. ಅಚ್ಚು ಕೈಯಿಂದ ಹೊಡೆಯುವ ಕೆಲಸವಾಗಿದ್ದ ಕಾಲದಲ್ಲಿ ಅದು ಬದಿಗೆ ಸರಿಯುವುದು ಸಾಮಾನ್ಯ, ಆದ್ದರಿಂದ ಒಂದು ನಾಣ್ಯದಲ್ಲಿ ಶಂಖವಿಲ್ಲ, ಮತ್ತೊಂದರಲ್ಲಿ ಚಕ್ರ ಅರ್ಧ, ಇನ್ನೊಂದರಲ್ಲಿ ದೇವರ ಮುಡಿಯೇ ಅಂಚಿನಾಚೆಗೆ ಹೋಗಿದೆ. ಆಗಮಗಳ ದೃಷ್ಟಿಯಲ್ಲಿ ಅಂಗಹೀನವಾದ ವಿಗ್ರಹ, ಅಂದರೆ ಭಿನ್ನವಿಗ್ರಹ, ಪೂಜೆಗೆ ಸಲ್ಲದು. ಟಂಕಸಾಲೆಗೆ ಈ ನಿಯಮದ ಗೊಡವೆಯಿರಲಿಲ್ಲ, ನಾಣ್ಯವನ್ನು ತಕ್ಕಡಿಗೆ ಹಾಕಿ ಒರೆಗೆ ಹಚ್ಚುತ್ತಿದ್ದ ಚಿನಿವಾರನಿಗೂ ಇರಲಿಲ್ಲ. ಪ್ರತಿಮೆ ದೇವರಾಗಬೇಕಾದರೆ ಪ್ರಾಣಪ್ರತಿಷ್ಠೆ ಬೇಕು, ಅಂದರೆ ಮಂತ್ರಪೂರ್ವಕವಾಗಿ ದೇವರನ್ನು ಅದರೊಳಗೆ ನೆಲೆಗೊಳಿಸಬೇಕು. ಸುತ್ತಿಗೆಯ ಏಟಿಗೆ ಆ ಅಧಿಕಾರವಿಲ್ಲ. 1514ರಲ್ಲಿ ಇದೇ ಅರಸ ತಿರುಪತಿಯ ವೆಂಕಟೇಶ್ವರನಿಗೆ 30,000 ಹೊನ್ನುಗಳಿಂದ ಕನಕಾಭಿಷೇಕ ಮಾಡಿಸಿದನೆಂದು ಶಾಸನ ಹೇಳುತ್ತದೆ. ಅಂಥ ಸೇವೆಯಲ್ಲಿ ನಾಣ್ಯಕ್ಕಿರುವುದು ಹಾಲು, ಜೇನುಗಳ ಸ್ಥಾನ: ಅದು ಅರ್ಪಿಸುವ ದ್ರವ್ಯ, ಪೂಜೆಗೊಳ್ಳುವವನು ಮೂಲಮೂರ್ತಿ.

ಹಾಗಾದರೆ ದೇವರು ಅಲ್ಲಿ ಏಕಿದ್ದಾನೆ? ಅಲಂಕಾರಕ್ಕೆ ಎನ್ನುವುದು ಸೋಮಾರಿ ಉತ್ತರ. ಕನ್ನಡ ನಾಡಿನ ದಾನಶಾಸನಗಳ ನೆತ್ತಿಯ ಮೇಲೆ ಸೂರ್ಯ, ಚಂದ್ರ, ಲಿಂಗ, ಹಸುಗಳನ್ನು ಕೆತ್ತುತ್ತಿದ್ದರು. ದತ್ತಿಗೆ ತಪ್ಪಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನೆಂಬ ಶಾಪಾಶಯ ಕೆಳಗಿರುತ್ತಿತ್ತು. ಆ ಕೆತ್ತನೆಗೆ ಯಾರೂ ನೈವೇದ್ಯ ಇಡುತ್ತಿರಲಿಲ್ಲ, ಆದರೆ ಅದನ್ನು ಸಾಕ್ಷಿಯೆಂದು ಎಲ್ಲರೂ ಒಪ್ಪುತ್ತಿದ್ದರು. ನಾಣ್ಯವೂ ಒಂದು ಕಿರುಶಾಸನವೇ: ಇಷ್ಟು ತೂಕ, ಇಷ್ಟು ಶುದ್ಧಿ ಎಂಬ ಅರಸನ ಮಾತಿಗೆ ದೇವರು ನಿಂತ ಸಾಕ್ಷಿ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸಿನಲ್ಲಿ ಆನೆಯ ಮೇಲ್ಗಡೆ ಅದೇ ಸೂರ್ಯಚಂದ್ರರು ಬಂದು ಕುಳಿತದ್ದು ಕಾಕತಾಳೀಯವೆನ್ನಲಾಗದು.

ಪ್ರತಿಮೆಯೆಂಬ ವಾದದಿಂದ ಬಿಡಿಸಲಾಗದ ಒಂದು ಗಂಟನ್ನು ಸಾಕ್ಷಿಯೆಂಬ ವಾದ ಸಲೀಸಾಗಿ ಬಿಡಿಸುತ್ತದೆ. 1763ರಲ್ಲಿ ಬಿದನೂರನ್ನು ಗೆದ್ದ ಹೈದರ್ ಅಲಿ ತನ್ನ ಚಿನ್ನದ ನಾಣ್ಯದ ಮೇಲೆ ಅಲ್ಲಿ ಚಾಲ್ತಿಯಲ್ಲಿದ್ದ ಇಕ್ಕೇರಿ ವರಾಹದ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯ ಚುಕ್ಕಿಗಳ ನಡುವೆ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನಷ್ಟೇ ಸೇರಿಸಿದ. ಮದ್ರಾಸಿನಲ್ಲಿ ಕ್ರೈಸ್ತ ವರ್ತಕರ ಈಸ್ಟ್ ಇಂಡಿಯಾ ಕಂಪನಿ ವಿಷ್ಣು ಮತ್ತು ಇಬ್ಬರು ದೇವಿಯರ ‘ಮೂರು ಸ್ವಾಮಿ’ ವರಾಹ ಹೊಡೆಸಿತು. ಇವರು ತಮ್ಮ ಮತ ಬಿಟ್ಟವರಲ್ಲ. ಪೇಟೆ ಯಾರ ಸಾಕ್ಷಿಗೆ ಬೆಲೆ ಕೊಡುತ್ತದೋ ಅವರನ್ನೇ ಕರೆಸಿದರು. ಟಿಪ್ಪುವಿನ ಮಾರ್ಗ ಬೇರೆ. ಅವನ ನಾಣ್ಯಗಳಿಂದ ದೇವತಾಮೂರ್ತಿಗಳು ಹೋದವು, ಆದರೆ ಪಾವಿತ್ರ್ಯ ಹೋಗಲಿಲ್ಲ: ಚಿನ್ನದ ನಾಣ್ಯಕ್ಕೆ ಪ್ರವಾದಿಯ ಹೆಸರಿನಿಂದ ‘ಅಹ್ಮದಿ’, ಮೊದಲ ಖಲೀಫರ ಬಿರುದುಗಳಿಂದ ‘ಸಿದ್ದೀಕಿ’, ‘ಫಾರೂಕಿ’, ಬೆಳ್ಳಿಯದಕ್ಕೆ ‘ಇಮಾಮಿ’. ಸಾಕ್ಷಿ ರೂಪವನ್ನು ಬಿಟ್ಟು ನಾಮಕ್ಕೆ ಸರಿಯಿತು.

ನಾಮವೂ ನಿರಾತಂಕವಲ್ಲ. ಏಳನೆಯ ಶತಮಾನದ ಕೊನೆಗೆ ಖಲೀಫ ಅಬ್ದುಲ್ ಮಲಿಕ್ ಚಿತ್ರಗಳನ್ನು ತೆಗೆದು ಪವಿತ್ರ ವಾಕ್ಯಗಳನ್ನೇ ನಾಣ್ಯದ ಮೇಲಿಟ್ಟಾಗ, ಅಶುದ್ಧ ಕೈಗಳು ಅವನ್ನು ಮುಟ್ಟುತ್ತವೆ ಎಂಬ ಆಕ್ಷೇಪ ಧರ್ಮವಂತರಿಂದಲೇ ಬಂತು. ಔರಂಗಜೇಬನು ಇಸ್ಲಾಮಿನ ಶ್ರದ್ಧಾವಾಕ್ಯವಾದ ಕಲಿಮಾವನ್ನು ನಾಣ್ಯದಿಂದ ಕೈಬಿಟ್ಟದ್ದೂ ಇಂಥದೇ ಅಳುಕಿನಿಂದ. ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 1907ರಲ್ಲಿ ದೈವನಂಬಿಕೆಯ ಘೋಷವಾಕ್ಯವಿಲ್ಲದ ಚಿನ್ನದ ನಾಣ್ಯ ಹೊರಡಿಸಿ, ದುಡ್ಡಿನ ಮೇಲೆ ದೇವರ ಹೆಸರಿಡುವುದು ದೈವನಿಂದೆಗೆ ಸಮೀಪವೆಂದು ವಾದಿಸಿದಾಗ, ಅಲ್ಲಿನ ಸಂಸತ್ತು ಮರುವರ್ಷವೇ ಅದನ್ನು ಮತ್ತೆ ಹಾಕಿಸಿತು. ದೇವರ ಗೌರವ ಕಾಯಲು ಹೊರಟವನೇ ದೇವರ ವಿರೋಧಿಯಂತೆ ಕಂಡದ್ದು ವಿಚಿತ್ರ.

ಆಧುನಿಕ ಸಂಗ್ರಾಹಕನ ಲೋಕದಲ್ಲಿ ಸಾಕ್ಷಿಯ ಸ್ಥಾನವೇ ಬದಲಾಗಿದೆ. ಬೆಲೆಬಾಳುವ ನಾಣ್ಯವನ್ನು ಇಂದು ಶ್ರೇಣೀಕರಣ ಸಂಸ್ಥೆಗಳು ಪರೀಕ್ಷಿಸಿ, 1ರಿಂದ 70ರವರೆಗಿನ ಅಂಕಮಾನದಲ್ಲಿ ದರ್ಜೆ ಕೊಟ್ಟು, ಪ್ಲಾಸ್ಟಿಕ್ ಕವಚದಲ್ಲಿ ಮೊಹರು ಮಾಡಿ ಕೊಡುತ್ತವೆ. ಹರಾಜಿನಲ್ಲಿ ಕೊಳ್ಳುವವನು ನಂಬುವುದು ಒಳಗಿರುವ ಉಮಾಮಹೇಶ್ವರನನ್ನಲ್ಲ, ಹೊರಗಿನ ಚೀಟಿಯನ್ನು. ಶತಮಾನಗಳ ಅಭಿಷೇಕಕ್ಕೆ ಸವೆದ ಗರ್ಭಗುಡಿಯ ಮೂರ್ತಿಗೆ ಆ ಸವಕಳಿಯೇ ಮಹಿಮೆ ತರುತ್ತದೆ, ನಾಣ್ಯದ ಮೇಲಿನ ದೇವರ ಮುಖ ಸವೆದರೆ ದರ್ಜೆ ಇಳಿಯುತ್ತದೆ. ಚಲಾವಣೆಗೆಂದು ಹುಟ್ಟಿದ ವಸ್ತುವಿಗೆ ಚಲಾವಣೆಯೇ ಕಳಂಕವಾಗಿರುವ ಈ ಮೌಲ್ಯಮಾಪನವನ್ನು ಹವ್ಯಾಸಿಗಳು ಪ್ರಶ್ನಿಸದೆ ಒಪ್ಪಿಕೊಂಡಿದ್ದಾರೆ.

ರಾಮಟಂಕಗಳ ವಿಷಯದಲ್ಲಿ ಈ ಎರಡು ದೃಷ್ಟಿಗಳು ಮುಖಾಮುಖಿಯಾಗುತ್ತವೆ. ರಾಮಪಟ್ಟಾಭಿಷೇಕದ ಚಿತ್ರವಿರುವ ಈ ಬಿಲ್ಲೆಗಳು ಚಲಾವಣೆಯ ಹಣವಲ್ಲ, ಭಕ್ತರು ಪೂಜೆಗೂ ನೆನಪಿಗೂ ಇಟ್ಟುಕೊಳ್ಳುವಂಥವು. ಆದರೆ ‘ಈಸ್ಟ್ ಇಂಡಿಯಾ ಕಂಪನಿ’ ಎಂಬ ಬರಹ, 1818ರ ಇಸವಿ, ರಾಮ ಅಥವಾ ಹನುಮಂತನ ಚಿತ್ರವುಳ್ಳ ತಾಮ್ರದ ಬಿಲ್ಲೆಗಳನ್ನು ಪವಾಡಶಕ್ತಿಯ ಅಪರೂಪದ ನಾಣ್ಯಗಳೆಂದು ಮಾರುವವರಿದ್ದಾರೆ. ಕಂಪನಿ ಅಂಥ ನಾಣ್ಯವನ್ನು ಹೊರಡಿಸಲೇ ಇಲ್ಲ. ಮೋಸಹೋದ ಸಂಗ್ರಾಹಕನಿಗೆ ಅಲ್ಲಿ ಉಳಿಯುವುದು ತಾಮ್ರದ ಬೆಲೆ ಮಾತ್ರ. ಅದನ್ನೇ ದೇವರ ಮನೆಯಲ್ಲಿಟ್ಟು ಪೂಜಿಸಿದವನ ಸ್ಥಿತಿ ಹಾಗಲ್ಲ. ವರಮಹಾಲಕ್ಷ್ಮಿ ಪೂಜೆಯ ದಿನ ಕಲಶದ ಬಳಿಯಿಟ್ಟ ಹತ್ತು ರೂಪಾಯಿಯ ನಾಣ್ಯಕ್ಕೆ ದೇವತ್ವ ಬರುವುದು ಆವಾಹನೆಯಿಂದ, ಅಂದರೆ ದೇವರನ್ನು ಕರೆದು ನಿಲ್ಲಿಸುವ ವಿಧಿಯಿಂದ. ವಿಸರ್ಜನೆಯಾದ ಮೇಲೆ ಅದು ಮತ್ತೆ ಪರ್ಸಿಗೆ ಸೇರಿ ತರಕಾರಿಗೆ ಖರ್ಚಾಗುತ್ತದೆ. ಆವಾಹನೆಗೆ ಇಸವಿಯ ಸತ್ಯಾಸತ್ಯತೆ ಬೇಕಿಲ್ಲವಾದ್ದರಿಂದ, ನಕಲಿ ಬಿಲ್ಲೆಯ ಮುಂದೆ ಅವನು ಮಾಡಿದ ಪೂಜೆಯನ್ನು ಯಾವ ನಾಣ್ಯತಜ್ಞನೂ ನಕಲಿಯೆಂದು ತೀರ್ಪು ಕೊಡಲಾರ. ಅದನ್ನು ಅಸಲಿಯೆಂದು ನಂಬಿಸಿ ಕಿತ್ತುಕೊಂಡ ಹಣದ ಲೆಕ್ಕ ಮಾತ್ರ ಬೇರೆ.